ಪ್ರ್ಯಾಂಕ್ ವಿಡಿಯೊಗೆ ಕೇಸ್ ಹಾಕೋದು ಅತಿಯಾಯ್ತಾ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ನನ್ನ ಅಕ್ಕನ ಮಗ ಡಿಗ್ರಿ ಓದುತ್ತಿದ್ದಾನೆ. ಗೆಳೆಯರ ಜೊತೆ ಪ್ರ್ಯಾಂಕ್ ವಿಡಿಯೊ ಮಾಡುತ್ತಾನೆ. ರಾತ್ರಿ ರಸ್ತೆಯಲ್ಲಿ ಜನರನ್ನು ಹೆದರಿಸೋದು, ಆಮೇಲೆ ನಗೋದು, ಅಷ್ಟೇ. ಇಂಥದ್ದಕ್ಕೂ ಪೊಲೀಸರು ಕೇಸ್ ಹಾಕುತ್ತಾರಂತೆ. ಹುಡುಗಾಟಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ? ಬುದ್ಧಿ ಹೇಳಿ ಕಳಿಸಿದರೆ ಸಾಲದೇ?’

ನಮಸ್ಕಾರ ಮೇಡಂ,

ನಿಮ್ಮ ಆತಂಕ ಸುಳ್ಳಲ್ಲ. ಎಫ್‌ಐಆರ್‌ನಲ್ಲಿ ಹೆಸರು ಬಂದರೆ ಮುಂದೆ ಪಾಸ್‌ಪೋರ್ಟ್‌ಗೋ ಕೆಲಸಕ್ಕೋ ಪೊಲೀಸ್ ವೆರಿಫಿಕೇಶನ್ ಆಗುವಾಗ ಅದು ಎದುರಿಗೆ ಬರುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಹುಡುಗರಿದ್ದಾರೆ, ಪೊಲೀಸರಿದ್ದಾರೆ, ಹೆದರಿದವರ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ನನಗೆ ಚಿಂತೆ ಇರೋದು ಅವರದ್ದೇ.

2019ರ ನವೆಂಬರ್‌ನಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ಏಳು ಹುಡುಗರು ಬಿಳಿ ಬಟ್ಟೆ ಹಾಕಿ, ದೆವ್ವದ ವೇಷದಲ್ಲಿ ರಾತ್ರಿ ಹೊತ್ತು ದಾರಿಹೋಕರನ್ನು, ಆಟೊದವರನ್ನು ಅಡ್ಡಗಟ್ಟಿ ಹೆದರಿಸಿದ್ದರು. ಯೂಟ್ಯೂಬ್ ಚಾನೆಲ್‌ಗಾಗಿ. ಪೊಲೀಸರು ಬಂಧಿಸಿದರು, ಜಾಮೀನು ಸಿಗುವ ಸೆಕ್ಷನ್‌ಗಳೇ ಆದ್ದರಿಂದ ಠಾಣೆಯಲ್ಲೇ ಜಾಮೀನು ಕೊಟ್ಟು ಬಿಟ್ಟರು. ಇದನ್ನು ಅತಿ ಅನ್ನೋಕೆ ನನಗೆ ಆಗುವುದಿಲ್ಲ. ಆಟೊ ಓಡಿಸುವವನು ಬೆಚ್ಚಿ ಹ್ಯಾಂಡಲ್ ತಿರುಗಿಸಿಬಿಟ್ಟಿದ್ದರೆ? ಒಳಗೆ ಹೃದಯದ ಕಾಯಿಲೆ ಇರುವ ಯಾರಾದರೂ ಕೂತಿದ್ದರೆ? ವೇಷ ಹಾಕಿದವರಿಗೆ ಅದು ಗೊತ್ತಾಗೋದಾದರೂ ಹೇಗೆ?

‘ಕೊನೆಗೆ ಅವರೂ ನಗುತ್ತಾರಲ್ಲ’ ಅಂತ ನಿಮ್ಮ ಹುಡುಗ ಹೇಳಬಹುದು. ಕ್ಯಾಮೆರಾ ಅಲ್ಲಿದೆ ನೋಡಿ ಅಂದ ಕೂಡಲೇ ಜನ ನಗುವುದು ಸದ್ಯ ಏನೂ ಆಗಲಿಲ್ಲವಲ್ಲ ಅಂತ, ಜೊತೆಗೆ ನಾಲ್ಕು ಜನರೆದುರು ಇನ್ನೇನು ಮಾಡೋದು ಅಂತ. ಅದು ಒಪ್ಪಿಗೆ ಅಲ್ಲ. ಬೈದು ಹೋದವರು, ಅತ್ತವರು ಎಡಿಟಿಂಗ್‌ನಲ್ಲಿ ಹೋಗಿಬಿಡುತ್ತಾರೆ, ಅಥವಾ ಅವರ ಅಳುವೇ ಥಂಬ್‌ನೇಲ್ ಆಗುತ್ತದೆ, ಅದು ಇನ್ನೂ ಕೆಟ್ಟದ್ದು.

ಬಾರ್ಸಿಲೋನಾದಲ್ಲಿ ಒಬ್ಬ ಯೂಟ್ಯೂಬರ್ ಓರಿಯೊ ಬಿಸ್ಕತ್ತಿನ ಕ್ರೀಮ್ ತೆಗೆದು ಟೂತ್‌ಪೇಸ್ಟ್ ತುಂಬಿ, ಬೀದಿಯಲ್ಲಿ ಬದುಕುವ ಒಬ್ಬ ಮನುಷ್ಯನಿಗೆ ಕೊಟ್ಟಿದ್ದ. ಜೊತೆಗೆ 20 ಯೂರೊ ನೋಟು. ತಿಂದವನು ವಾಂತಿ ಮಾಡಿಕೊಂಡ. 2019ರಲ್ಲಿ ಅಲ್ಲಿನ ಕೋರ್ಟ್ 15 ತಿಂಗಳ ಶಿಕ್ಷೆ ವಿಧಿಸಿತು, ಆ ಮನುಷ್ಯನಿಗೆ 20,000 ಯೂರೊ ಪರಿಹಾರ ಕೊಡಬೇಕು ಅಂತಲೂ ಹೇಳಿತು. ತಿರುಗಿ ಬೈಯುವ ಶಕ್ತಿಯೂ ಇಲ್ಲದವರನ್ನೇ ಹುಡುಕಿ ಆರಿಸೋದಿದೆಯಲ್ಲ, ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಮ್ಮಲ್ಲಿ ಈಗಿರುವುದು ಭಾರತೀಯ ನ್ಯಾಯ ಸಂಹಿತೆ. ದಾರಿಯಲ್ಲಿ ಹೋಗುವವರನ್ನು ಅಡ್ಡಗಟ್ಟಿದರೆ 126ನೇ ಸೆಕ್ಷನ್, ಒಂದು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಬೆದರಿಕೆ ಹಾಕಿದರೆ 351, ಅದಕ್ಕೆ ಎರಡು ವರ್ಷದವರೆಗೂ ಇದೆ. ಯಾರಿಗಾದರೂ ಪೆಟ್ಟಾದರೆ ಇನ್ನೂ ಜಾಸ್ತಿ. ಕೆಳಗೆ ‘ಮನರಂಜನೆಗಾಗಿ ಮಾತ್ರ’ ಅಂತ ಬರೆದರೆ ಇದ್ಯಾವುದೂ ತಪ್ಪುವುದಿಲ್ಲ. ಅವರೇ ಅಪ್‌ಲೋಡ್ ಮಾಡಿದ ವಿಡಿಯೊನೇ ಸಾಕ್ಷಿ.

ಬುದ್ಧಿ ಹೇಳಿ ಕಳಿಸಬಹುದಾದ ಸಣ್ಣ ತಪ್ಪುಗಳೂ ಇವೆ, ಒಪ್ಪುತ್ತೇನೆ. ಆದರೆ ಆ ಬುದ್ಧಿ ಠಾಣೆಯಲ್ಲೇ ಯಾಕೆ ಸಿಗಬೇಕು, ನೀವು ಚಿಕ್ಕಮ್ಮ ಇದ್ದೀರಲ್ಲ. ಅವನನ್ನು ಕೂರಿಸಿಕೊಂಡು ಹಳೇ ವಿಡಿಯೊಗಳನ್ನು ಒಟ್ಟಿಗೆ ನೋಡಿ. ಅದರಲ್ಲಿರುವವರನ್ನು ಕೇಳದೆ ಹಾಕಿದ್ದರೆ ಇವತ್ತೇ ತೆಗೆಸಿ. ಮುಂದೆ ವಿಡಿಯೊ ಮಾಡಲೇಬೇಕಂದರೆ ಗೆಳೆಯರನ್ನೇ, ಮೊದಲೇ ಹೇಳಿ, ನಟಿಸಲಿಕ್ಕೆ ಕರೆಯಲಿ.