ವಾಟರ್‌ಲೂ ಕೋ-ಆಪ್‌ನಲ್ಲಿ ನಿಜವಾಗಿ ಕೆಲಸ ಕಲಿಸ್ತಾರಾ, ಜೆರಾಕ್ಸ್ ಮಾಡಿಸ್ತಾರಾ?

ನಿಮ್ಮ ಪ್ರಶ್ನೆ ಇದು: ಮಗಳಿಗೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಜೊತೆಗೆ ಕೋ-ಆಪ್ (ಓದಿನ ನಡುನಡುವೆ ಕಂಪನಿಯಲ್ಲಿ ಸಂಬಳಕ್ಕೆ ಕೆಲಸ) ಇದೆ. ಕಂಪನಿಯವರು ಕೆಲಸ ಕಲಿಸುತ್ತಾರಾ, ಇಲ್ಲಾ ಸುಮ್ನೆ ಜೆರಾಕ್ಸ್ ಮಾಡಿಸಿ ಕಳಿಸುತ್ತಾರಾ? ಆ ಸಂಬಳದಲ್ಲಿ ಫೀಸು ಕಟ್ಟಬಹುದಾ?

ವಾಟರ್‌ಲೂ ಇರುವುದು ಒಂಟಾರಿಯೋ ಪ್ರಾಂತ್ಯದಲ್ಲಿ; ನಾನು ಇಲ್ಲೇ ಒಂದು ಸ್ಟ್ರಕ್ಚರಲ್ ಕನ್ಸಲ್ಟಿಂಗ್ (ಕಟ್ಟಡಗಳ ಬಲದ ಲೆಕ್ಕ ಹಾಕಿ ಡಿಸೈನ್, ರಿಪೇರಿಗೆ ಸಲಹೆ ಕೊಡುವ) ಕಂಪನಿಯಲ್ಲಿ ಇಂಜಿನಿಯರ್. ಕೋ-ಆಪ್‌ಗೆ ಬರುವ ಮಕ್ಕಳಿಗೆ ಕೆಲಸ ಹಂಚಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಹಾಗಾಗಿ ಕೆಲಸ ಕೊಡುವವರ ಕಡೆಯಿಂದ ಹೇಳುತ್ತೇನೆ.

ಫೀಸಿನ ಮಾತು ಮೊದಲು ಮುಗಿಸೋಣ. ಆಗಲ್ಲ. ಹೊರದೇಶದ ವಿದ್ಯಾರ್ಥಿಗೆ ಅಲ್ಲಿ ಇಂಜಿನಿಯರಿಂಗ್ ಫೀಸು ವರ್ಷಕ್ಕೆ 60,000 ಡಾಲರ್‌ಗಿಂತ ಜಾಸ್ತಿ. ಗಂಟೆಗೆ 25 ಡಾಲರ್ ಸಂಬಳ ಅಂದುಕೊಳ್ಳಿ. ವಾರಕ್ಕೆ 40 ಗಂಟೆ, ಒಂದು ಸರದಿಯ ಕೆಲಸ 16 ವಾರ. ಒಟ್ಟು 16,000 ಡಾಲರ್, ಅದೂ ತೆರಿಗೆಗೆ ಮುಂಚೆ. ಅದರಲ್ಲೇ ಬಾಡಿಗೆ, ಊಟ, ಓಡಾಟ. ಕೈಖರ್ಚಿಗೆ ಮನೆಯಿಂದ ಕೇಳದೆ ಇರಬಹುದು, ಸ್ವಲ್ಪ ಉಳಿಯಲೂಬಹುದು. ಕೋ-ಆಪ್ ನಂಬಿಕೊಂಡು ಬ್ಯಾಂಕ್ ಸಾಲದ ಲೆಕ್ಕ ಮಾತ್ರ ಹಾಕಬೇಡಿ.

ಈಗ ಕೆಲಸದ ಮಾತು. ಓದು ಮತ್ತು ಕೆಲಸ ಸರದಿಯಲ್ಲಿ ಬರುವ ಈ ಪದ್ಧತಿಯನ್ನು 1906ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಹರ್ಮನ್ ಶ್ನೈಡರ್ ಅನ್ನುವ ಪ್ರೊಫೆಸರ್ ಶುರು ಮಾಡಿದರು. ವಾಟರ್‌ಲೂ 1957ರಲ್ಲಿ ಹುಟ್ಟಿದ್ದೇ ಇದರ ಜೊತೆ. ಇಂಜಿನಿಯರಿಂಗ್‌ನಲ್ಲಿ ಓದಿನ ಟರ್ಮ್ ಎಂಟು, ಕೆಲಸದ ಟರ್ಮ್ ಆರು, ಒಂದೊಂದೂ ನಾಲ್ಕು ತಿಂಗಳು. ಆರರಲ್ಲಿ ಐದಾದರೂ ಸರಿಯಾಗಿ ಮುಗಿಯದೆ ಡಿಗ್ರಿ ಇಲ್ಲ. ಹೀಗಾಗಿ ಓದು ಮುಗಿಯಲು ಐದು ವರ್ಷದ ಹತ್ತಿರ ಹಿಡಿಯುತ್ತದೆ.

ಕೆಲಸವನ್ನು ಕಾಲೇಜು ತಂದು ಕೈಗಿಡುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ವಾಟರ್‌ಲೂವರ್ಕ್ಸ್ ಅನ್ನುವ ಪೋರ್ಟಲ್‌ನಲ್ಲಿ ನಮ್ಮಂಥ ಕಂಪನಿಗಳು ಕೆಲಸ ಹಾಕುತ್ತವೆ. ಮಕ್ಕಳು ಅರ್ಜಿ ಹಾಕಿ ಇಂಟರ್‌ವ್ಯೂ ಕೊಡಬೇಕು. ಆಮೇಲೆ ನಾವು ಅವರಿಗೆ ರ್‍ಯಾಂಕ್ ಕೊಡುತ್ತೇವೆ, ಅವರೂ ನಮಗೆ ಕೊಡುತ್ತಾರೆ. ಎರಡನ್ನೂ ಕಂಪ್ಯೂಟರ್ ಹೊಂದಿಸುತ್ತದೆ. ಮೊದಲ ಟರ್ಮ್‌ಗೆ ಕೆಲಸ ಸಿಗುವುದೇ ಕಷ್ಟ. ಆ ವಯಸ್ಸಿನಲ್ಲಿ ಎಲ್ಲರ ರೆಸ್ಯೂಮೆಯೂ ಒಂದೇ ಥರ ಇರುತ್ತದೆ.

ಕಂಪನಿಗೆ ಏನು ಲಾಭ ಅಂತಲೂ ತಿಳಿದಿರಲಿ. ಒಂಟಾರಿಯೋ ಸರ್ಕಾರ ಪ್ರತಿ ಕೋ-ಆಪ್ ಟರ್ಮ್‌ಗೆ 3,000 ಡಾಲರ್‌ವರೆಗೆ ತೆರಿಗೆಯಲ್ಲಿ ವಾಪಸ್ ಕೊಡುತ್ತದೆ. ಡಿಗ್ರಿ ಮುಗಿದ ಮೇಲೆ ಯಾರನ್ನು ತಗೊಳ್ಳಬಹುದು ಅಂತ ಮುಂಚೆಯೇ ನೋಡಿಕೊಂಡ ಹಾಗೂ ಆಗುತ್ತದೆ. ಆದರೆ ಹೊಸಬರು ಕೆಲಸಕ್ಕೆ ಒದಗುವಷ್ಟರಲ್ಲಿ ಒಂದು ತಿಂಗಳು ಕಳೆದಿರುತ್ತದೆ. ಕೈ ಪಳಗಿತು ಅನ್ನುವಾಗ ಹೊರಡುತ್ತಾರೆ. ನನ್ನನ್ನು ಕೇಳಿದರೆ ನಾಲ್ಕು ತಿಂಗಳು ಕಡಿಮೆಯೇ. ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಮೂರನೇ ವರ್ಷ ಆದ ಮೇಲೆ ಒಟ್ಟಿಗೆ 12ರಿಂದ 16 ತಿಂಗಳು ಕಳಿಸುತ್ತಾರೆ. ಒಂದು ಕಟ್ಟಡ ಕಾಗದದಿಂದ ಸೈಟಿಗೆ ಇಳಿಯುವುದನ್ನು ಅವರು ಪೂರ್ತಿ ನೋಡಬಲ್ಲರು. ವಾಟರ್‌ಲೂ ಮಕ್ಕಳಿಗೆ ಬೇರೆ ಬೇರೆ ಕಂಪನಿಗಳ ರುಚಿ ಸಿಗುತ್ತದೆ.

ಜೆರಾಕ್ಸ್ ಕೆಲಸ ಇಲ್ಲ, ಬೇಜಾರಿನ ಕೆಲಸ ಇದೆ. ಚಳಿಗಾಲದ ಟರ್ಮ್, ಅಂದರೆ ಜನವರಿಯಿಂದ ಏಪ್ರಿಲ್, ಹೆಚ್ಚಾಗಿ ಕುರ್ಚಿಯ ಮೇಲೇ ಕಳೆಯುತ್ತದೆ. ಡ್ರಾಯಿಂಗ್ ತಿದ್ದುವುದು, ವರದಿ ಬರೆಯುವುದು, ಕಂಟ್ರಾಕ್ಟರ್ ಕಳಿಸಿದ ಶಾಪ್ ಡ್ರಾಯಿಂಗ್‌ನಲ್ಲಿ (ತಾನು ಹೇಗೆ ಮಾಡಿ ಜೋಡಿಸುತ್ತೇನೆ ಅಂತ ಅವನು ತೋರಿಸುವ ನಕ್ಷೆ) ಕಂಬಿಯ ಸೈಜು, ಅಂತರ ನಮ್ಮ ಡಿಸೈನ್‌ಗೆ ಹೊಂದುತ್ತಾ ಅಂತ ಒಂದೊಂದೇ ನೋಡುವುದು. ಮೇ ತಿಂಗಳು ಬಂತು ಅಂದರೆ ಅದೇ ಕಂಪನಿ ಬೇರೆಯೇ ಕಂಪನಿ ಆಗುತ್ತದೆ. ಹಿಮ ಕರಗಿರುತ್ತದೆ, ಸೈಟುಗಳು ತೆರೆಯುತ್ತವೆ.

ಇಲ್ಲಿ ನಮ್ಮಂಥ ಕಂಪನಿಗಳಿಗೆ ಪಾರ್ಕಿಂಗ್ ಕಟ್ಟಡಗಳ ರಿಪೇರಿಯೇ ದೊಡ್ಡ ಕೆಲಸ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕಾರಿನ ಚಕ್ರಕ್ಕೆ ಅಂಟಿದ ಉಪ್ಪುನೀರು ಪಾರ್ಕಿಂಗ್ ಸ್ಲ್ಯಾಬಿಗೆ ಇಳಿದು ಒಳಗಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಮೇಲಿನ ಕಾಂಕ್ರೀಟು ಪದರವಾಗಿ ಬಿಟ್ಟುಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಅದಕ್ಕೆ ಕೋ-ಆಪ್ ಹುಡುಗಿಯ ಕೈಗೆ ಒಂದು ಸರಪಳಿ ಕೊಡುತ್ತೇವೆ. ನೆಲದ ಮೇಲೆ ಎಳೆದುಕೊಂಡು ಹೋಗಬೇಕು. ಟೊಳ್ಳು ಸದ್ದು ಬಂದ ಕಡೆ ಸುತ್ತಿಗೆಯಿಂದ ತಟ್ಟಿ, ಗುರುತು ಹಾಕಿ, ನಕ್ಷೆಗೆ ಏರಿಸಬೇಕು. ದಿನಗಟ್ಟಲೆ ಇದೇ. ‘ಇದಕ್ಕಾ ನಾನು ಕ್ಯಾಲ್ಕುಲಸ್ ಓದಿದ್ದು’ ಅಂತ ಮುಖ ಊದಿಸಿಕೊಳ್ಳುವವರು ಇದ್ದಾರೆ. ಅವರಿಗೆ ಒಂಟಾರಿಯೋದ ಎಲಿಯಟ್ ಲೇಕ್ ಊರಿನ ಮಾಲ್ ಬಗ್ಗೆ ಓದಲು ಹೇಳುತ್ತೇನೆ. ಅದರ ಚಾವಣಿಯೇ ಪಾರ್ಕಿಂಗ್ ಜಾಗ. ಕಟ್ಟಿದಾಗಿನಿಂದ ಸೋರುತ್ತಿತ್ತು. ಉಪ್ಪುನೀರಿಗೆ ಉಕ್ಕಿನ ಬೆಸುಗೆ ಸವೆದು 2012ರ ಜೂನ್‌ನಲ್ಲಿ ಒಂದು ಭಾಗ ಕುಸಿಯಿತು. ಇಬ್ಬರು ಹೆಂಗಸರು ಸತ್ತರು. ಕುಸಿಯುವ ಕೆಲವೇ ವಾರ ಮುಂಚೆ ಇಂಜಿನಿಯರ್ ಒಬ್ಬ ನೋಡಿ ಸರಿಯಿದೆ ಅಂತ ಬರೆದುಕೊಟ್ಟಿದ್ದ.

ಹಾಗಂತ ಮಗಳು ಗುರುತು ಹಾಕಿದ್ದೇ ಕೊನೆ ಅಲ್ಲ. ವಿದ್ಯಾರ್ಥಿ ಮಾಡಿದ ಕೆಲಸವನ್ನು ಲೈಸೆನ್ಸ್ ಇರುವ ಇಂಜಿನಿಯರ್ ಪರೀಕ್ಷಿಸಿ, ಸೀಲು ಹಾಕಿ ಹೊಣೆ ಹೊರಬೇಕು. ಆ ಇಂಜಿನಿಯರ್ ಪಕ್ಕದಲ್ಲಿ ಕೂರುವವರಾ, ಬೇರೆ ಊರಿನ ಆಫೀಸಿನಲ್ಲಿ ಇರುವವರಾ ಅನ್ನುವುದರ ಮೇಲೆ ಕಲಿಯುವುದು ನಿಂತಿದೆ. ಅದಕ್ಕೇ ಮೊದಲ ಎರಡು ಟರ್ಮ್‌ಗೆ ಹೆಸರುವಾಸಿ ಕಂಪನಿಗಿಂತ ಸಣ್ಣ ಕಂಪನಿ ವಾಸಿ ಅನ್ನುತ್ತೇನೆ. ದೊಡ್ಡ ಕಡೆ ಒಂದೇ ಸ್ಪ್ರೆಡ್‌ಶೀಟಿನಲ್ಲಿ ನಾಲ್ಕು ತಿಂಗಳು ಕಳೆದುಹೋಗಬಹುದು. ಇಂಟರ್‌ವ್ಯೂ ಕೊನೆಯಲ್ಲಿ ‘ಏನಾದರೂ ಕೇಳಬೇಕಾ’ ಅನ್ನುತ್ತಾರಲ್ಲ, ಆಗ ಮಗಳು ಎರಡು ಪ್ರಶ್ನೆ ಕೇಳಲಿ: ನನ್ನ ಕೆಲಸ ಯಾರು ಚೆಕ್ ಮಾಡುತ್ತಾರೆ? ವಾರಕ್ಕೆ ಎಷ್ಟು ದಿನ ಸೈಟಿಗೆ ಹೋಗಬಹುದು?

ನಾವು ಏನು ಕೇಳುತ್ತೇವೆ ಅಂದರೆ, ಮೊದಲ ವರ್ಷದವರಿಗೆ ಫಾರ್ಮುಲಾ ಕೇಳುವುದಿಲ್ಲ. ಕಣ್ಣಿಂದ ನೋಡಿದ್ದು ಏನಾದರೂ ಇದೆಯಾ ಅಂತ ಹುಡುಕುತ್ತೇವೆ. ನಮ್ಮೂರುಗಳಲ್ಲಿ ಮೋಲ್ಡ್ ಹಾಕಿದ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ, ಅಲ್ವಾ? ಅದು ಯಾಕೆ ಅಂತ ನಿಮ್ಮ ಮಗಳು ಸರಿಯಾಗಿ ಹೇಳಿದರೆ ನನಗೆ ಸಾಕು. ಇಲ್ಲಿನ ಚಳಿಯಲ್ಲಿ ಅದೇ ಕಾಂಕ್ರೀಟಿಗೆ ಕಂಬಳಿ ಹೊದಿಸಿ ಶಾಖ ಕೊಡುವುದು ಯಾಕೆ ಅಂತ ಮುಂದಿನ ಪ್ರಶ್ನೆ ಕೇಳುತ್ತೇನೆ.

ಇನ್ನೆರಡು ವಿಷಯ ಯಾರೂ ಹೇಳುವುದಿಲ್ಲ. ಕೆಲಸ ಬೇರೆ ಊರಿನಲ್ಲಿ ಸಿಕ್ಕರೆ ನಾಲ್ಕು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಬೇಕು. ವಾಟರ್‌ಲೂನಲ್ಲಿ ಬಾಡಿಗೆ ಕರಾರು ಹೆಚ್ಚಾಗಿ ವರ್ಷದ್ದು, ಹಾಗಾಗಿ ಊರಲ್ಲಿ ಇಲ್ಲದ ತಿಂಗಳಿಗೆ ಕೋಣೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ತಲೆನೋವೂ ಇರುತ್ತದೆ. ಎರಡನೆಯದು, ಪಿಆರ್‌ಗೆ, ಅಂದರೆ ಕೆನಡಾದಲ್ಲಿ ಕಾಯಂ ನೆಲೆಸುವ ಅನುಮತಿಗೆ, ಅಲ್ಲಿನ ಕೆಲಸದ ಅನುಭವ ನೋಡಿ ಕೊಡುವ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್ ಅನ್ನುವ ದಾರಿ ಇದೆ; ಓದುವಾಗ ಮಾಡಿದ ಕೋ-ಆಪ್ ಅನುಭವ ಅದರ ಲೆಕ್ಕಕ್ಕೆ ಸೇರುವುದಿಲ್ಲ. ಏಜೆಂಟ್ ಯಾರಾದರೂ ಸೇರುತ್ತದೆ ಅಂದರೆ ನಂಬಬೇಡಿ.