ಎರಡು ಬೆರಳಿನ ಅಳತೆ

ಹುಮನಾಬಾದ್ ತಾಲೂಕಿನ ಹುಡುಗಿಯೊಬ್ಬಳು ಹೈದರಾಬಾದಿನ ಹಾಸ್ಟೆಲಿನಿಂದ ನಾಲ್ಕು ಹಾಳೆಯ ಪತ್ರ ಬರೆದಿದ್ದಾಳೆ. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುವುದಿಲ್ಲ. ಬಿ.ಎ. ಮುಗಿಸಿದ್ದಾಳೆ. ಎರಡು ತಿಂಗಳಿಂದ ಅಲ್ಲಿನ ಒಂದು ದೊಡ್ಡ ಥೀಮ್ ಪಾರ್ಕಿನಲ್ಲಿ ಕೆಲಸ. ರೋಲರ್ ಕೋಸ್ಟರ್ ಹತ್ತುವವರ ಎತ್ತರ ಅಳೆಯುವುದು, ಕೂತವರ ತೊಡೆ ಮೇಲಿನ ಬಾರ್ ಒತ್ತಿ ನೋಡುವುದು, ಮತ್ತೆ ಮುಂದಿನ ಸರದಿ. ಪತ್ರದ ಸ್ವಲ್ಪ ಭಾಗ ಇಲ್ಲಿದೆ:

‘ಅಕ್ಕಾವರಿಗೆ ಶರಣಾರ್ಥಿ. ಹೋದ ಭಾನುವಾರ ಭಾಲ್ಕಿ ಕಡೆಯ ಒಂದು ಕುಟುಂಬ ಬಂದಿತ್ತು. ಕನ್ನಡ ಕೇಳಿ ನನಗೆ ಖುಷಿಯಾಯಿತು. ಅವರ ಹುಡುಗ 140 ಸೆಂಟಿಮೀಟರಿಗೆ ಎರಡು ಬೆರಳು ಕಡಿಮೆ ಇದ್ದ. ನಾನು ಬಿಡಲಿಲ್ಲ. ಅವನ ಅಪ್ಪ ನಾನು ಹಿಡಕೊಂಡು ಕೂಡ್ತೀನಿ ಅಂದರು. ಆಮೇಲೆ “ನಮ್ ಕಡಿಯಾಕಿ ಆಗಿ ಹೀಂಗ್ ಮಾಡ್ತೀಯೇನು?” ಅಂತ ಎಲ್ಲರ ಮುಂದೆ ಬೈದರು. ಹುಡುಗ ಅತ್ತ. ಮೇಲಿನವರು ನೋಡುತ್ತ ನಿಂತರು, ಒಂದು ಮಾತೂ ಆಡಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಊರಲ್ಲಿ ಕಾಕಾ “ಇಷ್ಟ್ ಓದಿ ತೊಟ್ಲಾ ತಿರುಗ್ಸಾಕ್ ಹೋಗ್ಯಾಳ” ಅಂತಾರೆ. ಅಪ್ಪ ಸರ್ಕಾರಿ ಪರೀಕ್ಷೆ ಕಟ್ಟು ಅಂತಾರೆ. ಕಾಲು ಬಾತಿವೆ, ದನಿ ಬಿದ್ದಿದೆ. ಪಂಚಮಿಗೆ ಊರಿಗೆ ಬರುತ್ತೇನೆ. ವಾಪಸ್ ಹೋಗಲೋ ಬೇಡವೋ?’

ತಂಗಿ, ನಿನ್ನಷ್ಟೇ ವಯಸ್ಸಿನ ಮಗಳು ನನ್ನ ಮನೆಯಲ್ಲೂ ಇದ್ದಾಳೆ. ಅದಕ್ಕೆ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ?

ಮೊದಲು ಆ ಹುಡುಗನ ಮಾತು. ಯಾಕೆಂದರೆ ನಿನ್ನ ನಾಲ್ಕು ಹಾಳೆಯಲ್ಲಿ ಎರಡೂವರೆ ಹಾಳೆ ಅವನೇ ಇದ್ದಾನೆ.

ನೀನು ಮಾಡಿದ್ದು ಸರಿ. ಪೂರ್ತಿ ಸರಿ. ಯಾಕೆ ಅನ್ನುವುದು ನಿನಗೂ ಗೊತ್ತಿರಬೇಕು, ‘ರೂಲ್ಸ್ ಹಾಗಿದೆ’ ಅಂತ ಅಷ್ಟೇ ಹೇಳಿದರೆ ಎದುರಿನವರಿಗೂ ಸಮಾಧಾನ ಆಗುವುದಿಲ್ಲ, ಹೇಳುವವರಿಗೂ ಧೈರ್ಯ ಬರುವುದಿಲ್ಲ. ಎತ್ತರದ ಗೆರೆಗೂ ಮಗುವಿನ ಧೈರ್ಯಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಆ ಬಾರ್ ತೊಡೆ ಮೇಲೆ ಕೂತು ಸೊಂಟಕ್ಕೆ ಒತ್ತಿಕೊಳ್ಳಬೇಕು. ಮೈ ಚಿಕ್ಕದಿದ್ದರೆ ಬಾರಿಗೂ ಸೊಂಟಕ್ಕೂ ನಡುವೆ ಸಂದು ಉಳಿಯುತ್ತದೆ. ಗಾಡಿ ದಿಬ್ಬ ಹತ್ತಿ ಧಡಕ್ಕನೆ ಇಳಿಯುವಾಗ ಮೈ ಸೀಟು ಬಿಟ್ಟು ಮೇಲೇಳುತ್ತದೆ. ನಮ್ಮ ಕಡೆಯ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸಂದಿನಲ್ಲಿ ಮಗು ಜಾರುತ್ತದೆ. ಇಬ್ಬರಿಗೂ ಸೇರಿ ಒಂದೇ ಬಾರ್ ಇದ್ದರೆ ಇನ್ನೂ ಅಪಾಯ. ಅಪ್ಪನ ಹೊಟ್ಟೆಗೆ ತಾಗಿ ಬಾರ್ ಅಲ್ಲೇ ನಿಲ್ಲುತ್ತದೆ, ಪಕ್ಕದ ಮಗುವಿನ ಮುಂದೆ ಒಂದು ಗೇಣು ಖಾಲಿ. ‘ನಾನು ಹಿಡಕೊಂಡು ಕೂಡ್ತೀನಿ’ ಅನ್ನುವ ಅಪ್ಪ ಮನಸಾರೆ ಹೇಳುತ್ತಾನೆ, ಸುಳ್ಳು ಹೇಳುವುದಿಲ್ಲ. ಆದರೆ ಗಾಡಿ ತಿರುವಿನಲ್ಲಿ ಎಳೆಯುವಾಗ ಮಗುವಿನ ತೂಕ ಕೈಗೆ ಎಷ್ಟೋ ಪಟ್ಟು ಆಗಿರುತ್ತದೆ. ಯಾವ ಅಪ್ಪನ ತೋಳೂ ಅದನ್ನು ತಡೆಯುವುದಿಲ್ಲ.

ನನಗೂ ಒಬ್ಬ ಹೀಗೆ ಬೇಡ ಅಂದಿದ್ದ. ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ. ನನಗೆ ಎಂಟು ವರ್ಷ. ಅಪ್ಪನ ಬೆರಳು ಹಿಡಿದು ದೊಡ್ಡ ತೊಟ್ಟಿಲಿನ ಮುಂದೆ ನಿಂತಿದ್ದೆ. ತೊಟ್ಟಿಲಿನವನ ಹತ್ತಿರ ಅಳತೆಗೋಲು ಎಲ್ಲಿಂದ ಬರಬೇಕು? ಒಬ್ಬೊಬ್ಬ ಹುಡುಗರನ್ನೂ ತನ್ನ ಮೈಗೆ ಆನಿಸಿ ನಿಲ್ಲಿಸಿಕೊಳ್ಳುತ್ತಿದ್ದ. ತಲೆ ಅವನ ಅಂಗಿಯ ಮೂರನೇ ಗುಂಡಿಗೆ ಮುಟ್ಟಬೇಕು. ಆ ಅಂಗಿಯ ವಾಸನೆ ನನಗೆ ಈಗಲೂ ನೆನಪಿದೆ, ಗ್ರೀಸು ಮತ್ತು ಬೀಡಿ. ನನ್ನ ತಲೆ ಎರಡು ಬೆರಳು ಕಡಿಮೆ ಬಿತ್ತು. ನನ್ನಪ್ಪ ಎರಡರಷ್ಟು ದುಡ್ಡು ಕೊಡಲು ಹೋದರು. ಅವನು ರೊಕ್ಕ ವಾಪಸ್ ಕೈಯಲ್ಲಿಟ್ಟು, ಬಗ್ಗಿ, ನನ್ನ ಮುಖ ನೋಡಿ ಹೇಳಿದ: ‘ಮುಂದಿನ ಜಾತ್ರಿಗಿ ಬಾರವ್ವ, ಈ ಗುಂಡಿ ನಿಂದೇ.’ ಅಪ್ಪನಿಗೆ ಸಿಟ್ಟು ಬಂತು. ನಾನು ಅತ್ತೆ. ಆದರೆ ವರ್ಷವಿಡೀ ಅಪ್ಪನ ಅಂಗಿಯ ಮುಂದೆ ನಿಂತು ನಿಂತು ಅಳೆದುಕೊಂಡೆ. ಮರುವರ್ಷ ಹೋದಾಗ ಅವನಿಗೆ ನನ್ನ ಗುರುತು ಸಿಗಲಿಲ್ಲ. ಮೈಗೆ ಆನಿಸಿಕೊಂಡ, ತಲೆ ಗುಂಡಿಗೆ ಮುಟ್ಟಿತು, ಕೂರಿಸಿದ. ಕಬ್ಬಿಣದ ಪಿನ್ನು ತೂರಿಸಿ ಎರಡು ಸಲ ಜಗ್ಗಿ ನೋಡಿದ. ನನ್ನದಾದ ಮೇಲೆ ಪಕ್ಕದ ತೊಟ್ಟಿಲು, ಅಲ್ಲೂ ಎರಡು ಸಲ. ಜಾತ್ರೆಯ ಅಷ್ಟು ಗದ್ದಲದಲ್ಲಿ ಒಂದು ಸಲಕ್ಕೆ ಬಿಟ್ಟಿದ್ದನ್ನು ನಾನು ನೋಡಲಿಲ್ಲ.

ಅವನು ಬಗ್ಗಿದ್ದನಲ್ಲ, ಅದನ್ನು ನೀನು ಕಲಿತುಕೋ. ಬೇಡ ಅನ್ನುವ ಮಾತನ್ನು ಮೊದಲು ಮಗುವಿಗೇ ಹೇಳು, ಅದರ ಕಣ್ಣಿನ ಮಟ್ಟಕ್ಕೆ ಇಳಿದು ಹೇಳು. ಮಗುವಿನ ತಲೆ ಮೇಲಿಂದ ದೊಡ್ಡವರಿಗೆ ಹೇಳಿದರೆ ಅಪ್ಪನಿಗೆ ಮರ್ಯಾದೆ ಪ್ರಶ್ನೆ ಆಗುತ್ತದೆ. ಮಗುವಿಗೆ ಹೇಳಿದರೆ ಅಪ್ಪ ಸಮಾಧಾನ ಮಾಡುವ ಕಡೆ ತಿರುಗುತ್ತಾನೆ. ಈ ಎತ್ತರಕ್ಕೆ ಯಾವ ಯಾವ ರೈಡು ಆಗುತ್ತವೆ, ಅವು ಎಲ್ಲಿವೆ, ಬಾಯಲ್ಲಿ ಸಿದ್ಧ ಇರಲಿ. ‘ಆಗಲ್ಲ’ ಅಂದ ಉಸಿರಿನಲ್ಲೇ ‘ಅಲ್ಲಿ ಹೋಗು’ ಅನ್ನುವುದೂ ಬರಬೇಕು. ಇನ್ನೊಂದು ಮಾತು. ಮುಕ್ಕಾಲು ತಾಸು ಸಾಲಿನಲ್ಲಿ ನಿಂತು, ಇನ್ನೇನು ಹತ್ತಬೇಕು ಅನ್ನುವಾಗ ತಡೆದರೆ ಯಾರಿಗಾದರೂ ಸಂಕಟವೇ. ಅಳತೆಗೋಲು ಸಾಲಿನ ಬಾಯಲ್ಲಿ ಇದೆಯಾ? ಇಲ್ಲದಿದ್ದರೆ ಅಲ್ಲೂ ಒಂದು ಇಡಿ ಅಂತ ಕೇಳು. ಹೊಸಬಳು ನಾನು ಹೇಗೆ ಕೇಳಲಿ ಅನ್ನಬೇಡ. ಬೈಸಿಕೊಂಡವಳು ನೀನು, ಕೇಳುವ ಹಕ್ಕು ನಿನಗೇ ಜಾಸ್ತಿ.

ಮೇಲಿನವರು ಸುಮ್ನೆ ನಿಂತಿದ್ದು ತಪ್ಪು. ಬಾಗಿಲಲ್ಲಿ ನಿಂತ ಹುಡುಗಿ ಬೇಡ ಅಂದಾಗ ಹಿಂದೆ ನಿಂತವರು ‘ಅವಳು ಹೇಳಿದ್ದೇ ಸರಿ’ ಅನ್ನಬೇಕು. ವಾಪಸ್ ಹೋದರೆ, ಬೇರೆಯವರು ಇಲ್ಲದಾಗ ಅವರಿಗೆ ನೇರವಾಗಿ ಹೇಳು: ‘ಸರ್, ಮುಂದಿನ ಸಲ ಹೀಗಾದರೆ ನೀವು ಒಂದು ಮಾತು ಆಡಬೇಕು.’ ದಿನಾಂಕ, ಹೊತ್ತು, ನಡೆದದ್ದು, ಒಂದು ವಹಿಯಲ್ಲಿ ಬರೆದಿಡು.

ಇನ್ನು ‘ಒಂದೇ ಕೆಲಸ, ದಿನಕ್ಕೆ ನೂರಾರು ಸಲ, ತಲೆಗೇನೂ ಕೆಲಸವಿಲ್ಲ’ ಅಂತ ಬರೆದಿದ್ದೀಯ. ಪಂಚಮಿಗೆ ಮನೆಗೆ ಬರುತ್ತೀಯಲ್ಲ, ಬೇವಿನ ಗಿಡಕ್ಕೆ ಜೋಕಾಲಿ ಕಟ್ಟುವಾಗ ನಿನ್ನ ಅಣ್ಣನನ್ನು ನೋಡು. ಹಗ್ಗ ಕಟ್ಟಿದ ಮೇಲೆ ಮೊದಲು ತಾನು ಜೋತು ಬೀಳುತ್ತಾನೆ. ಕೊಂಬೆ ಕಿರ್ ಅಂದಿತಾ ಅಂತ ಕಿವಿ ಕೊಡುತ್ತಾನೆ. ಆಮೇಲೆ ತಂಗಿಯರಿಗೆ ಬಿಡುತ್ತಾನೆ. ನಿನ್ನ ಪಾರ್ಕಿನಲ್ಲೂ ಬೆಳಿಗ್ಗೆ ಗೇಟು ತೆಗೆಯುವ ಮುಂಚೆ ಮೆಕ್ಯಾನಿಕ್ಕುಗಳು ಹಳಿ, ನಟ್ಟು, ಬ್ರೇಕು ನೋಡುತ್ತಾರೆ. ಖಾಲಿ ಗಾಡಿ ಓಡಿಸುತ್ತಾರೆ. ನಿನ್ನ ಡ್ಯೂಟಿಗೆ ಮುಂಚೆ ಒಂದು ದಿನ ಅವರ ಜೊತೆ ನಿಂತು ನೋಡಲು ಬಿಡಿ ಅಂತ ಕೇಳು. ಕೆಲಸದ ರುಚಿ ಹತ್ತುವುದೇ ಅಲ್ಲಿಂದ. ಗಾಡಿಯನ್ನು ಮೊದಲ ದಿಬ್ಬಕ್ಕೆ ಚೈನು ಎಳೆದು ಹತ್ತಿಸುತ್ತದೆ, ಆಮೇಲೆ ಎಂಜಿನ್ನೇ ಇಲ್ಲ, ತನ್ನ ಭಾರಕ್ಕೇ ಓಡುತ್ತದೆ. ಹತ್ತುವಾಗ ಕಟ ಕಟ ಅಂತ ಕೇಳುತ್ತದಲ್ಲ, ಜನ ಹೆದರಿ ಕಿರುಚುವ ಆ ಸಪ್ಪಳ? ಗಾಡಿ ಹಿಂದಕ್ಕೆ ಜಾರದ ಹಾಗೆ ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುವ ಸದ್ದು ಅದು. ಹಳಿಯನ್ನು ತುಂಡು ತುಂಡಾಗಿ ಲೆಕ್ಕ ಹಾಕಿರುತ್ತಾರೆ, ಒಂದು ತುಂಡಿನಲ್ಲಿ ಒಂದೇ ಗಾಡಿ. ಮುಂದಿನದು ಖಾಲಿಯಾಗದೆ ಹಿಂದಿನದನ್ನು ಬಿಡುವ ಹಾಗಿಲ್ಲ. ನಮ್ಮ ರೈಲ್ವೆ ಸಿಗ್ನಲ್ಲಿನ ಲೆಕ್ಕವೇ ಇದು.

ಇಷ್ಟೆಲ್ಲ ಇದ್ದರೂ, ಈ ಸೀಟಿನಲ್ಲಿ ಕೂತ ಈ ಹೆಂಗಸಿನ ದುಪಟ್ಟಾ ಜೋತು ಬಿದ್ದಿದೆಯಾ, ಈ ಮುದುಕರು ಬಾರ್ ಸರಿಯಾಗಿ ಎಳೆದುಕೊಂಡರಾ, ಇದನ್ನು ನೋಡಲು ಒಬ್ಬರ ಕಣ್ಣು ಬೇಕೇ ಬೇಕು. ಆರುನೂರನೇ ಸಲ ಬಾರ್ ಒತ್ತುವಾಗ ನಿನ್ನ ಕೈ ತಾನಾಗಿ ಹೋಗುತ್ತದೆ, ಕಣ್ಣು ಬೇರೆ ಕಡೆ ಇರುತ್ತದೆ. ಅದೇ ಕೆಟ್ಟ ಗಳಿಗೆ. ಅದಕ್ಕೇ ಅನೇಕ ಕಡೆ ತಾಸಿಗೊಮ್ಮೆ ಜಾಗ ಬದಲಿಸುತ್ತಾರೆ. ನಿಮ್ಮಲ್ಲಿ ಬದಲಿಸದಿದ್ದರೆ ಅದನ್ನೂ ಕೇಳು. ನೀರಿನ ಕಡೆ ನಿಲ್ಲುವ ಲೈಫ್‌ಗಾರ್ಡುಗಳಿಗೆ ಒಂದು ಲೆಕ್ಕ ಕಲಿಸುತ್ತಾರೆ: 10 ಸೆಕೆಂಡಿನಲ್ಲಿ ತನ್ನ ಪಾಲಿನ ನೀರನ್ನೆಲ್ಲ ಕಣ್ಣಲ್ಲಿ ಒಂದು ಸುತ್ತು ಹಾಕಬೇಕು, ಏನಾದರೂ ಕಂಡರೆ 20 ಸೆಕೆಂಡಿನಲ್ಲಿ ಅಲ್ಲಿ ಮುಟ್ಟಬೇಕು. ನೀನೂ ನಿನಗೊಂದು ಲೆಕ್ಕ ಕಟ್ಟಿಕೋ. ಮೊದಲು ಮುಖ, ಆಮೇಲೆ ಸೊಂಟ, ಆಮೇಲೆ ಕೈ. ಸೀಟಿನ ನಂಬರನ್ನು ಮನಸ್ಸಿನಲ್ಲಿ ಎಣಿಸು. ಮತ್ತೆ ಆ ಕೆಂಪು ಗುಂಡಿ, ‘ಸುಮ್ನೆ ಒತ್ತಿ ರೈಡು ನಿಂತರೆ ಬೈಯುತ್ತಾರೆ ಅಂತ ಹೆದರಿಕೆ’ ಅಂದಿದ್ದೀಯ. ಅನುಮಾನ ಬಂದರೆ ಒತ್ತು. ಬೈದರೆ ಬೈಸಿಕೋ.

ಕಾಕಾನ ಮಾತಿಗೆ ಬರುತ್ತೇನೆ. ಅವರ ಮೇಲೆ ಸಿಟ್ಟಾಗಬೇಡ. ಮೇಷ್ಟ್ರು, ನರ್ಸು, ಕಂಡಕ್ಟರು ಅಂದರೆ ಏನು ಅಂತ ನಮ್ಮ ಮನೆಗಳಿಗೆ ಗೊತ್ತು. ಈ ಕೆಲಸಕ್ಕೆ ನಮ್ಮಲ್ಲಿ ಇನ್ನೂ ಹೆಸರೇ ಹುಟ್ಟಿಲ್ಲ. ಇಂಥ ಪಾರ್ಕುಗಳ ಪೈಕಿ ದೆಹಲಿಯಲ್ಲಿ ಅಪ್ಪು ಘರ್ ಶುರುವಾಗಿದ್ದು 1984ರಲ್ಲಿ, ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ವಂಡರ್‌ಲಾ 2005ರಲ್ಲಿ. ನಿನ್ನ ಕಾಕಾ ಹುಡುಗರಾಗಿದ್ದಾಗ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ತೊಟ್ಟಿಲು ಬಿಟ್ಟರೆ ಏನು ನೋಡಿದ್ದರು? ಅವರ ಬಾಯಿಗೆ ಬಂದಿದ್ದು ಆ ಹೆಸರು. ಆ ಹೆಸರೂ ಸಣ್ಣದಲ್ಲ, ನನ್ನ ಜಾತ್ರೆಯ ಮಾತು ಹೇಳಿದೆನಲ್ಲ.

ಎರಡು ತಿಂಗಳಾದರೂ ತಡಬಡಾಯಿಸುತ್ತೇನೆ ಅಂತ ಬೇಜಾರು ಮಾಡಿಕೊಂಡಿದ್ದೀಯ. ಇಂಥ ಪಾರ್ಕುಗಳಿಗೆಲ್ಲ ದೊಡ್ಡಣ್ಣ ಅನ್ನಿಸಿಕೊಂಡ ಅಮೆರಿಕದ ಡಿಸ್ನಿಲ್ಯಾಂಡ್ 1955ರ ಜುಲೈ 17ಕ್ಕೆ ಬಾಗಿಲು ತೆಗೆಯಿತು. ಅವತ್ತು ನಕಲಿ ಟಿಕೆಟ್ ಹಿಡಿದು ಜನ ನುಗ್ಗಿದರು. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು. ಕುಡಿಯುವ ನೀರಿನ ನಲ್ಲಿಗಳೇ ಸಾಲಲಿಲ್ಲ. ಅಂಥ ದಿನದಿಂದ ಶುರು ಮಾಡಿ ಕಲಿತರು. ಅಲ್ಲಿ ಕೆಲಸದವರನ್ನು ನಾಟಕದ ಪಾತ್ರಧಾರಿಗಳನ್ನು ಕರೆಯುವ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ಬಯಲಾಟದವರಿಗೆ ಇದು ಕೂಡಲೇ ತಿಳಿಯುತ್ತದೆ. ಬಣ್ಣ ಹಚ್ಚಿ ರಂಗಕ್ಕೆ ಬಂದ ಮೇಲೆ ಕಾಲುನೋವು ಚೌಕಿಯಲ್ಲೇ ಉಳಿಯಬೇಕು. ಆದರೆ ಚೌಕಿಗೆ ಹೋಗಿ ಕೂರಲು ಬಿಡುವೂ ಸಿಗಬೇಕು, ಅದನ್ನು ಬಿಟ್ಟುಕೊಡಬೇಡ.

ಕಾಲಿಗೆ ಹೇಳುತ್ತೇನೆ. ಒಂದೇ ಜೊತೆ ಶೂ ದಿನಾ ಹಾಕಬೇಡ, ಎರಡು ಜೊತೆ ಇಟ್ಟು ದಿನಕ್ಕೊಂದು ಹಾಕು. ಹತ್ತಿಯ ಸಾಕ್ಸು. ರಾತ್ರಿ ಮಲಗಿ ಕಾಲನ್ನು ಗೋಡೆಗೆ ಒರಗಿಸಿ ಮೇಲಿಡು. ಎರಡು ವಾರದಲ್ಲಿ ಬಾವು ಇಳಿಯದಿದ್ದರೆ ಡಾಕ್ಟರಿಗೆ ತೋರಿಸು, ಮುಂದೂಡಬೇಡ. ದನಿಗೆ ಬಿಸಿನೀರು. ಬಾಯಾರಿಕೆ ಆಗುವ ಮುಂಚೆಯೇ ನೀರು ಕುಡಿ, ಬಾತ್‌ರೂಮ್ ದೂರ ಅಂತ ನೀರು ಕಡಿಮೆ ಮಾಡುವ ಅಭ್ಯಾಸ ಹುಡುಗಿಯರಿಗೆ ಬೇಗ ಬರುತ್ತದೆ. ಅದು ಬೇಡವೇ ಬೇಡ.

ಸಂಬಳದ ಚೀಟಿ ತೆಗೆದು ನೋಡು. ಪಿಎಫ್, ಇಎಸ್‌ಐ (ದುಡಿಯುವವರ ಆರೋಗ್ಯ ವಿಮೆ) ಹಿಡಿದಿದ್ದಾರಾ? ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐಗೆ ನಿನ್ನಿಂದ ಶೇ. 0.75, ಕಂಪನಿಯಿಂದ ಶೇ. 3.25 ಹೋಗುತ್ತದೆ. ಅವ್ವನ ಮೊಣಕಾಲು ನೋವಿನ ಮಾತು ಬರೆದಿದ್ದೀಯಲ್ಲ, ಅಪ್ಪ-ಅವ್ವ ನಿನ್ನ ದುಡಿಮೆಯ ಮೇಲೆ ಇದ್ದರೆ ಅವರ ಹೆಸರನ್ನೂ ಸೇರಿಸಲು ಆಗುತ್ತದೆಯಾ ವಿಚಾರಿಸು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆ ಇದೆ, ಊರಿಗೆ ಹತ್ತಿರ. ಹೆಸರು, ಆಧಾರ್ ತಪ್ಪಿಲ್ಲದೆ ಕೊಡು.

ಅಪ್ಪ ಹೇಳುವ ಪರೀಕ್ಷೆಯ ಮಾತನ್ನು ತಳ್ಳಿಹಾಕಬೇಡ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸಿ ಗುಂಪಿನ ಸರ್ಕಾರಿ ಹುದ್ದೆಗಳಲ್ಲಿ ಶೇ. 80 ನಮ್ಮವರಿಗೇ ಮೀಸಲು. ಆದರೆ ಅಧಿಸೂಚನೆ ಯಾವಾಗ ಬರುತ್ತದೋ ಅಂತ ಮನೆಯಲ್ಲಿ ಕಾದು ಕೂತ ಹುಡುಗಿಯರ ಪತ್ರಗಳೂ ನನ್ನ ಮೇಜಿನ ಮೇಲಿವೆ, ಓದುವಾಗ ಹೊಟ್ಟೆ ಚುರುಕ್ ಅನ್ನುತ್ತದೆ. ದುಡಿಯುತ್ತಲೇ ಓದು. ಶನಿವಾರ-ಭಾನುವಾರ ಪಾರ್ಕಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ವಾರದ ನಡುವೆ ರಜೆ ಬರುತ್ತದೆ. ಆ ದಿನ ಬೆಳಗಿನ ಹೊತ್ತು ಪುಸ್ತಕಕ್ಕೆ ಕೊಡು.

ನಿನ್ನ ಹತ್ತಿರ ಇರುವ ಒಂದು ಆಸ್ತಿಯನ್ನು ನೀನು ಪತ್ರದಲ್ಲಿ ಸುಮ್ನೆ ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀಯ. ಕನ್ನಡ, ದಖನಿ, ಮರಾಠಿ ಬರುತ್ತದೆ, ತೆಲುಗು ತಿಳಿಯುತ್ತದೆ. ಬೀದರ್ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದು ಗಾಳಿಯಷ್ಟು ಸಹಜ, ಅದಕ್ಕೇ ಬೆಲೆ ಗೊತ್ತಾಗುವುದಿಲ್ಲ. ಅಲ್ಲಿಗೆ ಬರುವವರು ಲಾತೂರಿನಿಂದ ಬರುತ್ತಾರೆ, ಜಹೀರಾಬಾದಿನಿಂದ, ರಾಯಚೂರಿನಿಂದ ಬರುತ್ತಾರೆ. ತಪ್ಪಿಸಿಕೊಂಡ ಮಗು ಅವ್ವನನ್ನು ಕೂಗುವುದು ಮನೆಯ ಮಾತಿನಲ್ಲೇ. ಇಷ್ಟು ಭಾಷೆ ಬರುತ್ತದೆ ಅಂತ ಆಫೀಸಿನಲ್ಲಿ ಬರೆದುಕೊಡು. ಮುಂದೆ ವಿಚಾರಣೆ ಕೌಂಟರಿಗೋ ತರಬೇತಿ ಕೊಡುವ ಕಡೆಗೋ ಹೋಗಲು ಇದೇ ದಾರಿಯಾದೀತು.

ನನ್ನನ್ನು ಕೇಳಿದರೆ, ಹೋಗು. ಒಂದು ಬೇಸಿಗೆ ರಜೆಯ ಜಂಗುಳಿಯನ್ನಾದರೂ ಅಲ್ಲಿ ನಿಂತು ನೋಡು. ಆಮೇಲೂ ಬೇಡ ಅನ್ನಿಸಿದರೆ ಬಿಡು, ಆಗ ಬಿಡುವುದು ಬೇರೆ. ಬೈಸಿಕೊಂಡ ರಾತ್ರಿಯ ಅಳುವಿನಲ್ಲಿ ಬಿಡಬೇಡ.

ಹಬ್ಬ ಮುಗಿಸಿ ಡ್ಯೂಟಿಯ ಹಿಂದಿನ ದಿನ ಬೆಳಿಗ್ಗೆಯೇ ಬಸ್ಸು ಹತ್ತು, ರಾತ್ರಿ ಬಸ್ಸಿನಿಂದ ಇಳಿದು ನೇರ ರೈಡಿನ ಮುಂದೆ ನಿಲ್ಲಬೇಡ. ಅವ್ವನ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೋ. ಉಂಡಿ ಜಾಸ್ತಿಯೇ ಇರಲಿ, ರೂಮಿನ ಹುಡುಗಿಯರಿಗೂ ಆಗಬೇಕು. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಆ ಭಾಲ್ಕಿಯ ಹುಡುಗ ಮತ್ತೆ ಬಂದು, ಅಳತೆಗೋಲಿಗೆ ಬೆನ್ನು ಆನಿಸಿ ನಿಂತು, ತಲೆ ಗೆರೆಗೆ ಮುಟ್ಟಿದರೆ, ಅವತ್ತು ರಾತ್ರಿ ನನಗೊಂದು ಕಾಗದ ಬರಿ.