ಎಲ್ಲದಕ್ಕೂ ಪಕ್ಷದ ಬಣ್ಣ ಬಂದಿರುವಾಗ ಸಂಸ್ಥೆಗಳನ್ನು ನಂಬುವುದು ಹೇಗೆ?

ಮನೆಯಲ್ಲಿ ಅಪ್ಪ ಒಂದು ಪಕ್ಷ, ಅಣ್ಣ ಇನ್ನೊಂದು, ಚುನಾವಣಾ ಆಯೋಗ ಅಂದರೂ ಲೋಕಾಯುಕ್ತ ಅಂದರೂ ಜಗಳ, ನಾನು ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಸರ್ಕಾರಿ ಶಾಲೆ ಮೇಷ್ಟ್ರು. ಚುನಾವಣೆ ಡ್ಯೂಟಿ ಮಾಡಿದ್ದೇನೆ. ಹತ್ತಿರದಿಂದ ನೋಡಿದ್ದನ್ನೇ ಹೇಳುತ್ತೇನೆ.

ಒಂದು ಸಂಸ್ಥೆಯನ್ನು ಇಡಿಯಾಗಿ ನಂಬುವ, ಇಡಿಯಾಗಿ ಬಯ್ಯುವ ಅಭ್ಯಾಸ ಬಿಡಿ. ಅದು ಮಾಡುವ ಒಂದೊಂದು ಕೆಲಸ ತೆಗೆದುಕೊಂಡು ಕೇಳಿ: ಎದುರು ಪಕ್ಷದವನೂ ಕೂತು ಇದನ್ನು ಪರೀಕ್ಷೆ ಮಾಡಬಹುದಾ?

ಮತಗಟ್ಟೆಯಲ್ಲಿ ಮಾಡಬಹುದು. 2024ರ ಏಪ್ರಿಲ್ 26ರಂದು ಇಲ್ಲಿ ಲೋಕಸಭೆಗೆ ಮತದಾನ ಶುರುವಾಗಿದ್ದು ಬೆಳಿಗ್ಗೆ 7ಕ್ಕೆ. ನಮ್ಮ ಕೆಲಸ ಒಂದೂವರೆ ಗಂಟೆ ಮೊದಲೇ ಶುರು. ಪಕ್ಷಗಳ ಏಜೆಂಟರ ಎದುರಿಗೇ ಕಡಿಮೆ ಅಂದರೂ 50 ಅಣಕು ಮತ ಹಾಕಿಸಬೇಕು. ಮಷಿನ್ ತೋರಿಸುವ ಲೆಕ್ಕವೂ ವಿವಿಪ್ಯಾಟ್ (ಯಾರಿಗೆ ಮತ ಬಿತ್ತು ಅಂತ ಕಾಗದದಲ್ಲಿ ಮುದ್ರಿಸುವ ಯಂತ್ರ) ಚೀಟಿಗಳೂ ತಾಳೆಯಾಗಬೇಕು. ಆಮೇಲೆ ಲೆಕ್ಕ ಅಳಿಸಿ, ಸೊನ್ನೆ ತೋರಿಸಿ, ಆ ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡುತ್ತೇವೆ. ಹೊರಗೆ ಮುಖ ಕೊಟ್ಟು ಮಾತಾಡದ ಏಜೆಂಟರು ಒಂದೇ ಬೆಂಚಿನಲ್ಲಿ ಕೂತು, ಒಂದೇ ಹಸಿರು ಪೇಪರ್ ಸೀಲ್ ಮೇಲೆ ಸಹಿ ಹಾಕುತ್ತಾರೆ. ಸಂಜೆ ಒಟ್ಟು ಎಷ್ಟು ಮತ ಬಿತ್ತು ಅನ್ನುವ ಫಾರಂ 17ಸಿ ಪ್ರತಿ ಅವರ ಕೈಗೇ ಸಿಗುತ್ತದೆ. ಎಣಿಕೆ ದಿನ ಅಂಕಿ ಹೊಂದದಿದ್ದರೆ ತಕರಾರು ತೆಗೆಯಬಹುದು. ಯಾರ ಮಾತನ್ನೂ ಸುಮ್ನೆ ನಂಬಬೇಕಿಲ್ಲ, ಅಲ್ವಾ?

ಮತದಾರರ ಪಟ್ಟಿಯ ಬಗ್ಗೆ ನನಗೆ ಅಷ್ಟು ಧೈರ್ಯ ಇಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುವವರು ಜಾಸ್ತಿ. ಹಳೇ ಏರಿಯಾದಲ್ಲಿ ಹೆಸರು ಹಾಗೇ ಉಳಿಯುತ್ತದೆ, ಹೊಸ ಕಡೆ ಇನ್ನೊಂದು ಸೇರುತ್ತದೆ. 2022ರ ನವೆಂಬರ್‌ನಲ್ಲಿ, ಖಾಸಗಿ ಸಂಸ್ಥೆಯೊಂದರವರು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅಂತ ಹೇಳಿಕೊಂಡು ಮತದಾರರ ಮಾಹಿತಿ ಕಲೆಹಾಕಿದ ಆರೋಪ ಹೊರಬಂತು. ಆಯೋಗ ಇಬ್ಬರು ಅಧಿಕಾರಿಗಳ ಅಮಾನತಿಗೆ ಆದೇಶಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಹೇಳಿತು. 2025ರಲ್ಲಿ ರಾಹುಲ್ ಗಾಂಧಿ ಆರೋಪ ಮಾಡಿದ್ದೂ ಮಹದೇವಪುರದ ಪಟ್ಟಿಯ ಮೇಲೆಯೇ. ಆಯೋಗ ಪ್ರಮಾಣ ಮಾಡಿ ದೂರು ಕೊಡಿ ಎಂದಿತು. ಆ ಉತ್ತರ ನನಗೆ ಸಾಲದು. ಕಂಪ್ಯೂಟರ್‌ನಲ್ಲಿ ಹುಡುಕಲು ಬರುವ ಪಟ್ಟಿಯನ್ನು ಎಲ್ಲ ಪಕ್ಷಗಳಿಗೂ ಕೊಟ್ಟರೆ ಅರ್ಧ ಗಲಾಟೆ ಅಲ್ಲಿಗೇ ಮುಗಿಯುತ್ತದೆ.

ಲೋಕಾಯುಕ್ತದ ವಿಷಯದಲ್ಲಿ ನಿಮ್ಮ ಅಪ್ಪನಿಗೂ ಅಣ್ಣನಿಗೂ ಒಂದು ಮಾತು. 2011ರಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತದ ವರದಿ ಬಂದಾಗ ಕುರ್ಚಿ ಬಿಟ್ಟವರು ಬಿಜೆಪಿಯ ಮುಖ್ಯಮಂತ್ರಿ ಯಡಿಯೂರಪ್ಪ. 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ತಂದು ಲೋಕಾಯುಕ್ತದ ಕೈ ಕಟ್ಟಿದ್ದು ಕಾಂಗ್ರೆಸ್ ಸರ್ಕಾರ. 2022ರಲ್ಲಿ ಎಸಿಬಿ ರದ್ದಾಗಿದ್ದು ಹೈಕೋರ್ಟ್‌ನಿಂದ. ಹಲ್ಲಿರುವ ಸಂಸ್ಥೆ ಅಧಿಕಾರದಲ್ಲಿರುವ ಯಾರಿಗೂ ಇಷ್ಟವಾಗುವುದಿಲ್ಲ. ಹಾಗಾಗಿ ನಾವೇ ಅದರ ಪರ ನಿಲ್ಲಬೇಕು.

ನೀವು ಮನೆ ಬದಲಾಯಿಸಿದ್ದರೆ ಪಟ್ಟಿಯಲ್ಲಿ ವಿಳಾಸ ಬದಲಿಸಲು ಮೊದಲು ಫಾರಂ 8 ಹಾಕಿ. ಕರಡು ಪಟ್ಟಿ ಬಂದಾಗ ನಿಮ್ಮ ರಸ್ತೆಯ ಪುಟಗಳನ್ನು ಒಂದೊಂದೇ ಹೆಸರು ಓದಿ. ತೀರಿಕೊಂಡವರದೋ ಊರು ಬಿಟ್ಟವರದೋ ಹೆಸರು ಕಂಡರೆ ಫಾರಂ 7ರಲ್ಲಿ ಆಕ್ಷೇಪಣೆ ಸಲ್ಲಿಸಬಹುದು, ಅದೇ ಕ್ಷೇತ್ರದ ಮತದಾರರಾಗಿದ್ದರೆ ಸಾಕು.